ರಾಫ್ಟಿಂಗ್: ಎದೆ ಝಲ್ಲೆಂದಾಗ ಹುಟ್ಟು ಮೇಲೆತ್ತಬೇಡಿ

ರಬ್ಬರಿನ ದೋಣಿಯಲ್ಲಿ (ರಾಫ್ಟು) ಹುಟ್ಟು ಹಾಕುತ್ತ ರಭಸದ ಹೊಳೆಯಲ್ಲಿ ಸಾಗುವುದೇ ರಾಫ್ಟಿಂಗ್. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆ. ದಕ್ಷಿಣ ಕೊಡಗಿನ ಬರಪೊಳೆ ನದಿಗೆ ಮಳೆಗಾಲವೇ ಬೇಕು. ನೀರಿನ ರಭಸವನ್ನು 1ರಿಂದ 6ರವರೆಗೆ ದರ್ಜೆಗಳಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ಕಷ್ಟ. ಆದರೆ ರಾತ್ರಿ ಜೋರು ಮಳೆ ಹೊಡೆದರೆ ಅದೇ ಹೊಳೆಯ ದರ್ಜೆ ಬೆಳಗಾಗುವಷ್ಟರಲ್ಲಿ ಏರಿರಬಹುದು. ಹಾಗಾಗಿ ಇವತ್ತಿನ ನೀರಿನ ಮಟ್ಟ ಕೇಳಿಕೊಂಡೇ ಇಳಿಯಿರಿ.

ಲೈಫ್ ಜಾಕೆಟ್ಟಿನ ಬಕಲ್ಲುಗಳನ್ನೆಲ್ಲ ಬಿಗಿದ ಮೇಲೆ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ. ಜಾಕೆಟ್ಟು ಕಿವಿಯವರೆಗೆ ಬಂದರೆ ಅದು ಸಡಿಲ. ನೀರಿಗೆ ಬಿದ್ದಾಗ ಜಾಕೆಟ್ಟು ತೇಲುತ್ತದೆ, ಮೈ ಕೆಳಗೆ ಜಾರುತ್ತದೆ. ಹುಟ್ಟಿನ ತುದಿಯ ಅಡ್ಡಹಿಡಿಯ ಮೇಲೆ ಒಂದು ಅಂಗೈ ಸದಾ ಇರಲಿ. ಕೈ ಬಿಟ್ಟರೆ ಪಕ್ಕದವರ ಹಲ್ಲಿಗೆ ಬಡಿಯುವುದು ಅದೇ.

ಅಲೆ ಎದ್ದು ಬಂದಾಗ ಎಲ್ಲರೂ ಮಾಡುವ ತಪ್ಪು ಒಂದೇ: ಹುಟ್ಟು ಮೇಲೆತ್ತಿ ಒಳಕ್ಕೆ ಮುದುಡಿಕೊಳ್ಳುವುದು. ಹುಟ್ಟು ನಿಂತರೆ ರಾಫ್ಟು ಗೈಡ್ ತಿರುಗಿಸಿದತ್ತ ತಿರುಗುವುದಿಲ್ಲ. ಅಲೆಗೆ ಅಡ್ಡಲಾಗಿ ಸಿಕ್ಕರೆ ಮಗುಚುತ್ತದೆ. ನೀರಿಗೆ ಊರಿದ ಹುಟ್ಟು ಮೈಗೂ ಆಧಾರ. ಕೆಳಗೆ ಕೂರಿ ಎಂದು ಗೈಡ್ ಕೂಗುವ ತನಕ ಹುಟ್ಟು ಹಾಕುತ್ತಲೇ ಇರಿ. ಮಜಾ ಇರುವುದೂ ಅಲ್ಲೇ, ಭಯದ ನಡುವೆ ಎಲ್ಲರ ಕೈ ಒಟ್ಟಿಗೆ ಓಡುವುದರಲ್ಲಿ.

ರಾಫ್ಟು ಬಂಡೆಗೆ ಅಡ್ಡಲಾಗಿ ತಾಗಿದರೆ ಮಾತ್ರ ಹುಟ್ಟಿನ ಕೆಲಸವಿಲ್ಲ. ಎಲ್ಲರೂ ರಾಫ್ಟಿನೊಳಗೇ ಬಂಡೆಯ ಕಡೆಯ ಬದಿಗೆ ಹಾರಿ ಭಾರ ಹಾಕಬೇಕು. ಹೆದರಿ ಹಿಂದೆ ಸರಿದರೆ ಮೇಲ್ಹರಿವಿನ ಬದಿ ತಗ್ಗುತ್ತದೆ, ನೀರು ಒಳನುಗ್ಗುತ್ತದೆ, ರಾಫ್ಟು ಬಂಡೆಗೆ ಸುತ್ತಿಕೊಂಡುಬಿಡುತ್ತದೆ.

ನೀರಿಗೆ ಬಿದ್ದಿರೋ, ಅಂಗಾತ ಮಲಗಿ. ಕಾಲು ಹರಿವಿನ ದಿಕ್ಕಿಗೆ ಮುಂದಿರಲಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣಲಿ. ನೆಲ ಸಿಕ್ಕಿತೆಂದು ಹರಿಯುವ ನೀರಿನಲ್ಲಿ ಎದ್ದು ನಿಲ್ಲಲೇಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಕೆಡವಿ ಒತ್ತಿ ಹಿಡಿಯುತ್ತದೆ. ಮೊಣಕಾಲೆತ್ತರದ ನೀರಿನಲ್ಲೂ ಪ್ರಾಣ ಹೋಗುತ್ತದೆ. ಚೀಲದಲ್ಲಿ ತುಂಬಿದ ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ, ಚೀಲವನ್ನಲ್ಲ. ಹಗ್ಗವನ್ನು ಭುಜದ ಮೇಲಿಂದ ತಂದು ಎದೆಗೆ ಒತ್ತಿಕೊಂಡರೆ ಮುಖ ನೀರಿನ ಮೇಲಿರುತ್ತದೆ. ಕೈಗೆ ಸುತ್ತಿಕೊಳ್ಳಬಾರದು. ಮಗುಚಿದ ರಾಫ್ಟಿನ ಅಡಿಯಲ್ಲಿ ಸಿಕ್ಕಿದರೆ ಎರಡೂ ಕೈ ಮೇಲೆತ್ತಿ ರಬ್ಬರಿಗೆ ತಾಗಿಸಿ, ಒಂದೇ ದಿಕ್ಕಿಗೆ ಸರಿಯುತ್ತ ಹೋಗಿ, ಅಂಚು ಸಿಗುತ್ತದೆ.

ನೀರು ಕೆಂಪಾಗಿ ಮರದ ದಿಮ್ಮಿಗಳು ತೇಲಿಬರುವ ದಿನ ಗೈಡ್ ಬೇಡ ಎಂದರೆ ವಾದ ಮಾಡಬೇಡಿ. ಅಡ್ಡಬಿದ್ದ ಮರದ ಕೊಂಬೆಗಳ ನಡುವೆ ನೀರು ನುಸುಳುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.