ಫ್ರೀಬಿಎಸ್‌ಡಿಗೆ ಜಪಾನಿ ಪೋರ್ಟ್: ಕೈಕೊಡೋದು ಬ್ಯಾಕ್‌ಸ್ಲ್ಯಾಶ್

ಫ್ರೀಬಿಎಸ್‌ಡಿ ಯುನಿಕ್ಸ್ ಬಗೆಯ ಮುಕ್ತ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಒಂದು ತಂತ್ರಾಂಶವನ್ನು ಕಟ್ಟಿ ಇನ್‌ಸ್ಟಾಲ್ ಮಾಡೋ ಸೂಚನೆಗಳ ಕಟ್ಟಿಗೆ ‘ಪೋರ್ಟ್’ ಅಂತಾರೆ. ಅವೆಲ್ಲ ಇರುವ ಪೋರ್ಟ್ಸ್ ಟ್ರೀಯಲ್ಲಿ ಜಪಾನಿ ತಂತ್ರಾಂಶಗಳಿಗೆ ‘ಜಪಾನೀಸ್’ ಅಂತ ಪ್ರತ್ಯೇಕ ಫೋಲ್ಡರೇ ಇದೆ. ಹೊಸ ಪೋರ್ಟಿಗೆ ಬೇಕಾದ ಕಡತಗಳು ನಾಲ್ಕೇ: ಕಟ್ಟೋ ಸೂಚನೆಗಳ ಮೇಕ್‌ಫೈಲ್, ಚೆಕ್‌ಸಮ್ ಇರುವ ಡಿಸ್ಟ್‌ಇನ್ಫೋ, ವಿವರಣೆಯ ಪಿಕೆಜಿ-ಡಿಸ್ಕ್ರ್, ಯಾವ ಯಾವ ಕಡತ ಇನ್‌ಸ್ಟಾಲ್ ಆಗುತ್ತೆ ಅನ್ನೋ ಪಿಕೆಜಿ-ಪ್ಲಿಸ್ಟ್. ಪ್ಯಾಕೇಜ್ ಹೆಸರಿನ ಮುಂದೆ ‘ಜೆಎ-’ ಬರಬೇಕು. ಇದೆಲ್ಲ ಬೇಗ ಮುಗಿಯುತ್ತೆ. ದಿನಗಟ್ಟಲೆ ತಿನ್ನೋದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯೋ ಪದ್ಧತಿ.

ಹಳೆಯ ಜಪಾನಿ ಸೋರ್ಸ್ ಕೋಡ್ ಬಹಳಷ್ಟು ಇರೋದು ಶಿಫ್ಟ್-ಜಿಸ್ ಅನ್ನೋ ಹಳೆಯ ಜಪಾನಿ ಎನ್‌ಕೋಡಿಂಗ್‌ನಲ್ಲಿ. ಅದರಲ್ಲಿ ಒಂದು ಕಾಂಜಿಗೆ (ಚೀನೀ ಮೂಲದ ಜಪಾನಿ ಅಕ್ಷರ) ಎರಡು ಬೈಟ್, ಎರಡನೆಯದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಆಸ್ಕಿ ವ್ಯಾಪ್ತಿಯೊಳಗೂ ಬೀಳಬಹುದು. ‘ಕಿನೋ’ ಅಂದರೆ ಕಾರ್ಯ, ಫೀಚರ್. ಕೋಡ್ ಕಾಮೆಂಟುಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಪದ. ಅದರ ಎರಡನೇ ಕಾಂಜಿಯ ಬೈಟುಗಳು, ಹೆಕ್ಸ್‌ನಲ್ಲಿ, 94 ಮತ್ತು 5ಸಿ. 5ಸಿ ಅಂದರೆ ಆಸ್ಕಿಯಲ್ಲಿ ಬ್ಯಾಕ್‌ಸ್ಲ್ಯಾಶ್! ಸಾಲಿನ ಕೊನೆಯಲ್ಲಿ ಅದಿದ್ದರೆ ‘ಸಾಲು ಮುಂದುವರಿದಿದೆ’ ಅಂತ ಅರ್ಥ. ಎರಡು ಸ್ಲ್ಯಾಶಿನ ಕಾಮೆಂಟು ಈ ಪದದಲ್ಲಿ ಮುಗಿದರೆ ಕಂಪೈಲರು ಕೆಳಗಿನ ಸಾಲನ್ನೂ ಕಾಮೆಂಟಿಗೇ ಸೇರಿಸಿಕೊಳ್ಳುತ್ತೆ. ಎರರ್ ಬರಲ್ಲ. ಹೆಚ್ಚೆಂದರೆ ‘ಕಾಮೆಂಟು ಮುಂದಿನ ಸಾಲಿಗೂ ಹೋಗಿದೆ’ ಅನ್ನೋ ವಾರ್ನಿಂಗ್. ಆ ಸಾಲಿನಲ್ಲಿ ಒಂದು ವೇರಿಯಬಲ್‌ಗೆ ಸೊನ್ನೆ ತುಂಬಿದ್ದರೆ, ಅದು ಸದ್ದಿಲ್ಲದೆ ಮಾಯ.

ಜಿಸಿಸಿ ಕಂಪೈಲರಿಗೆ ಸೋರ್ಸಿನ ಎನ್‌ಕೋಡಿಂಗ್ ಯಾವುದು ಅಂತ ಹೇಳಬಹುದು. ಫ್ರೀಬಿಎಸ್‌ಡಿಯ ಮಾಮೂಲಿ ಕಂಪೈಲರಾದ ಕ್ಲ್ಯಾಂಗ್ ಯೂನಿಕೋಡಿನ ಯುಟಿಎಫ್-8 ಬಿಟ್ಟು ಬೇರೇನೂ ಒಪ್ಪಲ್ಲ. ಹಾಗಾಗಿ ಎನ್‌ಕೋಡಿಂಗ್ ಬದಲಿಸೋ ಐಕಾನ್ವ್ ಆಜ್ಞೆಯಿಂದ ಪರಿವರ್ತಿಸೋದೇ ದಾರಿ. ಮೂಲದ ಹೆಸರು ‘ಶಿಫ್ಟ್_ಜಿಸ್’ ಅಂತ ಕೊಡಬೇಡಿ, ‘ಸಿಪಿ932’ ಅಂತ ಕೊಡಿ, ಅದು ಶಿಫ್ಟ್-ಜಿಸ್‌ನ ವಿಂಡೋಸ್ ರೂಪ. ಮೊದಲಿನದು ಕೊಟ್ಟರೆ ಐಕಾನ್ವ್‌ನ ಗ್ನೂ ಆವೃತ್ತಿ, ಲಿಬ್‌ಐಕಾನ್ವ್, 5ಸಿಯನ್ನು ಯೆನ್ ಚಿಹ್ನೆ ಮಾಡುತ್ತೆ. ನಿಮ್ಮ ಹೊಸಸಾಲಿನ ಎಸ್ಕೇಪ್ ಎಲ್ಲ ಯೆನ್ ಆಗಿ ಕೂರುತ್ತೆ. ವಿಂಡೋಸಿನಲ್ಲಿ ಬರೆದ ಕೋಡಿನ ವೃತ್ತದೊಳಗಿನ ಅಂಕಿಗಳಂತೂ ಬರೀ ‘ಶಿಫ್ಟ್_ಜಿಸ್’ನಲ್ಲಿ ಇಲ್ಲ, ಸಿಪಿ932ರಲ್ಲಿ ಇವೆ. ನುಡಿ, ಬರಹದ ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದವರಿಗೆ ಈ ಪಾಡು ಹೊಸದಲ್ಲ.

ಪರಿವರ್ತನೆಯನ್ನು ಪೋಸ್ಟ್-ಎಕ್ಸ್‌ಟ್ರ್ಯಾಕ್ಟ್ ಹಂತದಲ್ಲೇ, ಅಂದರೆ ಸೋರ್ಸ್ ಬಿಚ್ಚಿದ ಕೂಡಲೇ, ಮಾಡಿ. ಪ್ಯಾಚ್ (ಸೋರ್ಸಿಗೆ ನಿಮ್ಮ ತಿದ್ದುಪಡಿ) ಆದಮೇಲೆ ಮಾಡಿದರೆ ಪ್ಯಾಚ್ ಕಡತಗಳೇ ಶಿಫ್ಟ್-ಜಿಸ್‌ನಲ್ಲಿ ಉಳಿದು, ಯಾರದೋ ಎಡಿಟರ್ ಅವನ್ನು ಕೆಡಿಸುತ್ತೆ. ಒಂದು ಎಚ್ಚರ: ಕೋಡಿನಲ್ಲಿ 0x81, 0x9ಎಫ್, 0xಇ0 ತರಹದ ಹೋಲಿಕೆಗಳು ಕಂಡರೆ ಅದು ಬೈಟುಗಳನ್ನೇ ನೇರ ಅಳೆಯುತ್ತಿದೆ ಅಂತ. ಅಂಥ ಪ್ರೋಗ್ರಾಮಿನ ಸ್ಟ್ರಿಂಗ್‌ಗಳನ್ನು ಬದಲಿಸಿದರೆ ಹೋಲಿಕೆ ತಪ್ಪುತ್ತೆ. ಅಲ್ಲಿ ಕಾಮೆಂಟ್ ಮಾತ್ರ ತಿದ್ದಿ.

ನಿಘಂಟುಗಳ ಕಥೆ ಉಲ್ಟಾ. ಜಪಾನಿ ಟೈಪ್ ಮಾಡೋ ಎಸ್‌ಕೆಕೆ ಇನ್‌ಪುಟ್ ವಿಧಾನದ ದೊಡ್ಡ ನಿಘಂಟು, ‘ಎಲ್’ ಕಡತ, ಇಯುಸಿ-ಜೆಪಿ ಅನ್ನೋ ಇನ್ನೊಂದು ಜಪಾನಿ ಎನ್‌ಕೋಡಿಂಗ್‌ನಲ್ಲಿದೆ. ಅದನ್ನು ಹಾಗೇ ಬಿಡೋದು ಕ್ಷೇಮ. ಬದಲಿಸಲೇಬೇಕು ಅಂದರೆ ಮೊದಲ ಸಾಲಿನ ‘ಕೋಡಿಂಗ್’ ಘೋಷಣೆಯನ್ನೂ ತಿದ್ದಿ. ಸಾಲುಗಳ ಕ್ರಮವೂ ಮುಖ್ಯ, ಬೈನರಿ ಸರ್ಚ್ ಮಾಡೋ ಪ್ರೋಗ್ರಾಮುಗಳು ಅದನ್ನೇ ನಂಬಿವೆ. ಬೈಟುಗಳ ಕ್ರಮದಲ್ಲೇ ಜೋಡಿಸಲು ಸಾರ್ಟ್ ಆಜ್ಞೆಯ ಮುಂದೆ ‘ಎಲ್‌ಸಿ_ಆಲ್=ಸಿ’ ಇರಲಿ. ಆದರೆ ಅದೇ ಸಿ ಲೊಕೇಲಿನಲ್ಲಿ (ಭಾಷೆ, ಎನ್‌ಕೋಡಿಂಗ್‌ನ ಸೆಟ್ಟಿಂಗ್) ನಿಘಂಟು ಕಟ್ಟೋ ರೂಬಿ ಸ್ಕ್ರಿಪ್ಟ್ ‘ಯುಎಸ್-ಆಸ್ಕಿಯಲ್ಲಿ ತಪ್ಪು ಬೈಟ್’ ಅಂತ ಬಿದ್ದುಹೋಗುತ್ತೆ, ಅದಕ್ಕೆ ಮೇಕ್‌ಫೈಲಿನಲ್ಲಿ ‘ಯೂಸ್_ಲೊಕೇಲ್’ ಬೇಕು. ನಿಮ್ಮ ಟರ್ಮಿನಲ್ಲಿನಲ್ಲಿ ಓಡಿದ್ದು, ಪೋರ್ಟ್ ಕಟ್ಟಿ ಪರೀಕ್ಷಿಸೋ ಪೂಡ್ರಿಯೇರಿನ ಖಾಲಿ ಜೈಲಿನಲ್ಲಿ (ಪ್ರತ್ಯೇಕ ಪರಿಸರ) ಬೀಳೋದಕ್ಕೆ ಇದೂ ಒಂದು ಕಾರಣ.

ಕಳಿಸೋ ಮುಂಚೆ ಈ ಪರೀಕ್ಷೆಗಳನ್ನು ಓಡಿಸಿ: ಮೇಕ್ ಸ್ಟೇಜ್, ಮೇಕ್ ಚೆಕ್-ಪ್ಲಿಸ್ಟ್, ಪೋರ್ಟ್‌ಲಿಂಟ್, ಕೊನೆಗೆ ಪೂಡ್ರಿಯೇರ್ ಟೆಸ್ಟ್‌ಪೋರ್ಟ್. ಜಪಾನೀಸ್ ಫೋಲ್ಡರಿನ ಮೇಕ್‌ಫೈಲಿನಲ್ಲಿ ಅಕಾರಾದಿಯಾಗಿ ‘ಸಬ್‌ಡಿರ್’ ಸಾಲು ಸೇರಿಸೋದು ಮರೆತರೆ ಪೋರ್ಟ್ ಇದ್ದೂ ಇಲ್ಲದಂತೆ. ಗಿಟ್ ಫಾರ್ಮ್ಯಾಟ್-ಪ್ಯಾಚ್ ಕೊಟ್ಟ ಕಡತವನ್ನು ಫ್ರೀಬಿಎಸ್‌ಡಿಯ ದೂರು ದಾಖಲೆ ತಾಣ ಬಗ್‌ಜಿಲ್ಲಾಗೆ ಹಾಕಿ. ಇರುವ ಪೋರ್ಟನ್ನು ತಿದ್ದುತ್ತಿದ್ದರೆ ನಿರ್ವಾಹಕರ ಉತ್ತರಕ್ಕೆ 2 ವಾರ ಕಾಯೋದು ನಿಯಮ.

ಪ್ಯಾಚ್ ನೋಡಿ ಟ್ರೀಗೆ ಸೇರಿಸುವ ಕಮಿಟರ್‌ಗೆ ಜಪಾನಿ ಬರದೇ ಇರಬಹುದು. ಯಾವ ಕೀ ಒತ್ತಿದರೆ ಏನು ಮೂಡಬೇಕು ಅಂತ ಬರೆಯಿರಿ. ಆ ‘ಕಿನೋ’ ಸಾಲಿನ ಬೈಟುಗಳ ಪಟ್ಟಿ, ಹೆಕ್ಸ್‌ಡಂಪ್, ಜತೆಗಿಟ್ಟರೆ ಐಕಾನ್ವ್ ಯಾಕೆ ಅಂತ ಯಾರೂ ಕೇಳಲ್ಲ.