ಸೈನಿಕನ ಮನೆಯ ಕಡತ: ರಜೆಗೆ ಬಂದಾಗಲೇ ಮುಗಿಸಬೇಕಾದ ಕೆಲಸ

ಬೆಳಗಾವಿ, ಖಾನಾಪುರ, ಗೋಕಾಕ ಕಡೆಯ ಸೈನಿಕರ ಮನೆಗಳ ಪಿಂಚಣಿ ಕಡತ ಸಿಕ್ಕಿಬೀಳುವ ಜಾಗ ಬಹುಮಟ್ಟಿಗೆ ಒಂದೇ: ಹೆಂಡತಿಯ ಹೆಸರು. ಮದುವೆಯಲ್ಲಿ ಅಕ್ಕಿಯ ತಟ್ಟೆಯ ಮೇಲೆ ಹೊಸ ಹೆಸರು ಬರೆಸುವ ರೂಢಿ ನಮ್ಮ ಭಾಗದ ಅನೇಕ ಮನೆತನಗಳಲ್ಲಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಹೆಸರು ಇರುತ್ತದೆ, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು, ಸೇನೆಯ ದಾಖಲೆಯಲ್ಲಿ ಯೋಧ ಅಂದು ಕ್ಲರ್ಕ್ ಮುಂದೆ ಹೇಳಿದ್ದು. ಶಿವಲೀಲಾ ಎಂದು ಬರೆಯಲು ಬ್ಯಾಂಕಿನವರು ಇಂಗ್ಲಿಷಿನಲ್ಲಿ ‘ಐ’ ಹಾಕಿದರೆ, ಆಧಾರ್ ಕೇಂದ್ರದವರು ‘ಡಬಲ್ ಇ’ ಹಾಕುತ್ತಾರೆ. ಗಂಡ ಬದುಕಿರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಹೋದ ಮೇಲೆ ಇದೇ ಒಂದು ಅಕ್ಷರ ಅವಳನ್ನು ತಿಂಗಳುಗಟ್ಟಲೆ ಅಲೆಸುತ್ತದೆ.

ಹುತಾತ್ಮರ ಕುಟುಂಬಗಳಿಗೂ ನಿವೃತ್ತ ಯೋಧರಿಗೂ ನೆರವಾಗುವ ಟ್ರಸ್ಟುಗಳು ಸಾಮಾನ್ಯವಾಗಿ ಅಂತ್ಯಕ್ರಿಯೆಯ ನಂತರ ಕೆಲಸಕ್ಕೆ ಇಳಿಯುತ್ತವೆ. ಯೋಧ ರಜೆಗೆ ಊರಿಗೆ ಬಂದಾಗಲೇ ಶುರುಮಾಡಿದರೆ ಅರ್ಧ ಸಂಕಟ ಹುಟ್ಟುವುದೇ ಇಲ್ಲ. ಒಂದು ಮನೆಗೆ ಒಂದು ಸಂಜೆ ಸಾಕು. ಮೊದಲು ನೋಡಬೇಕಾದದ್ದು ಪಾರ್ಟ್ ಟೂ ಆರ್ಡರ್. ಮದುವೆ, ಮಗುವಿನ ಜನನ, ಹೆಸರು ತಿದ್ದುಪಡಿ ಇವನ್ನೆಲ್ಲ ಯೂನಿಟ್ ಈ ಆದೇಶದಲ್ಲಿ ಪ್ರಕಟಿಸಿದ ಮೇಲೆಯೇ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ದಾಖಲಾಗುತ್ತದೆ. ಊರೆಲ್ಲ ಉಂಡು ಹೋದ ಮದುವೆಯಾದರೂ ಆದೇಶವಿಲ್ಲದಿದ್ದರೆ ಕಾಗದದಲ್ಲಿ ಆತ ಅವಿವಾಹಿತ. ಸೇವೆಯಲ್ಲಿರುವವರು ಇದನ್ನು ಸೇನೆಯ ಹಮ್‌ರಾಜ್ ಆ್ಯಪಿನಲ್ಲಿ ತಾವೇ ನೋಡಬಹುದು.

ಆ ಸಂಜೆ ಆಧಾರ್, ಪ್ಯಾನ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಪಾರ್ಟ್ ಟೂ ಆರ್ಡರ್ ಐದನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ತಪ್ಪು ಸಿಕ್ಕರೆ ಮೊದಲು ಒಂದು ಹೆಸರು ಗಟ್ಟಿಮಾಡಿ, ಆಧಾರ್, ಪ್ಯಾನ್, ಬ್ಯಾಂಕು ಮೂರನ್ನೂ ಅದಕ್ಕೆ ಹೊಂದಿಸಿ. ಆಮೇಲೆ ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ ಮಾಡಿಸಿ, ಯೋಧನ ಕೈಯಲ್ಲೇ ಯೂನಿಟ್‌ಗೆ ಕಳಿಸಿ. ಇದರ ಕ್ರಮ ತಿರುಗಾಮುರುಗಾ ಆದರೆ ಎರಡು ಸಲ ತಿದ್ದಬೇಕಾಗುತ್ತದೆ. ಮದುವೆ ನೋಂದಣಿ ಆಗಿರದಿದ್ದರೆ ಅದೇ ರಜೆಯಲ್ಲಿ ಇಬ್ಬರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿಬರಲಿ. ಹೆಂಡತಿಯ ಒಬ್ಬಳ ಹೆಸರಿನಲ್ಲೇ ಒಂದು ಉಳಿತಾಯ ಖಾತೆ ಇರಲಿ, ಮಾವನ ಜೊತೆ ಜಂಟಿ ಖಾತೆ ಬೇಡ.

ನಾಮಿನಿ ವಿಷಯವನ್ನೂ ಆಗಲೇ ಕೇಳಬೇಕು. ಭರ್ತಿಯಾದಾಗ ಅಪ್ಪನ ಹೆಸರು ಬರೆಸಿದವರು ಮದುವೆಯ ನಂತರ ಬದಲಿಸಲು ಮರೆತಿರುತ್ತಾರೆ. ಆರ್ಮಿ ಗ್ರೂಪ್ ಇನ್ಶೂರೆನ್ಸ್ ಹಣ ನಾಮಿನೇಶನ್ ಪ್ರಕಾರ ಹೋಗುತ್ತದೆ. ಕುಟುಂಬ ಪಿಂಚಣಿಗೆ ನಿಯಮವೇ ಬೇರೆ, ಅದರಲ್ಲಿ ಹೆಂಡತಿಯೇ ಮೊದಲು. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆಯೇ ಅತ್ತೆ-ಸೊಸೆ ಬೇರೆಯಾದ ಮನೆಗಳಿವೆ. ಉಯಿಲು ಬರೆದಿರದಿದ್ದರೆ, ಬ್ಯಾಂಕಿನಲ್ಲಿ ಉಳಿದ ಆತನ ಸ್ವಂತ ಹಣಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ತಾಯಿ ಸಮಾನ ಹಕ್ಕುದಾರರು. ತಂದೆ ಆ ಮೊದಲ ವರ್ಗದಲ್ಲಿ ಬರುವುದಿಲ್ಲ. ಇದನ್ನು ಮನೆಯ ಹಿರಿಯರಿಗೆ ಮೆತ್ತಗೆ, ಎಲ್ಲರೂ ಕೂತಿರುವಾಗಲೇ ಹೇಳಬೇಕು.

ಇನ್ನು ಸಾವು ಬಂದೇಬಿಟ್ಟಾಗ. ಪಾರ್ಥಿವ ಶರೀರದ ಜೊತೆ ಯೂನಿಟ್‌ನವರು ಬಂದಿರುತ್ತಾರೆ, ಕ್ರಿಯೆ ಮುಗಿದ ಕೂಡಲೇ ಹೊರಡುತ್ತಾರೆ. ಅವರು ಹೊರಡುವ ಮುನ್ನ ಯೋಧನ ಸರ್ವಿಸ್ ನಂಬರ್, ಯೂನಿಟ್ ವಿಳಾಸ, ಅಡ್ಜುಟೆಂಟ್ (ಯೂನಿಟ್ ಆಡಳಿತ ನೋಡುವ ಅಧಿಕಾರಿ) ಫೋನ್ ನಂಬರ್, ರೆಕಾರ್ಡ್ ಆಫೀಸ್ ಯಾವುದು ಎಂಬುದನ್ನು ಬರೆದುಕೊಳ್ಳಿ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದರಿಂದ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಆದರೆ ಹುಡುಗ ತೋಪಖಾನೆಯವನಾದರೆ ಅವನ ದಾಖಲೆ ನಾಶಿಕ್ ರೋಡ್‌ನಲ್ಲಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್‌ನಲ್ಲಿ, ಸಿಗ್ನಲ್ಸ್ (ಸಂಪರ್ಕ ವಿಭಾಗ) ಆದರೆ ಜಬಲ್ಪುರದಲ್ಲಿ, ಇಎಂಇ (ಯಂತ್ರೋಪಕರಣ ದುರಸ್ತಿ ವಿಭಾಗ) ಆದರೆ ಸಿಕಂದರಾಬಾದ್‌ನಲ್ಲಿ.

ಮರಣ ಪ್ರಮಾಣಪತ್ರ ಗ್ರಾಮ ಪಂಚಾಯಿತಿಯಲ್ಲಿ ಸಿಗುವುದಿಲ್ಲ. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯ ನೋಂದಣಾಧಿಕಾರಿಯೇ ಕೊಡಬೇಕು, ಅದನ್ನು ಯೂನಿಟ್ ಮೂಲಕವೇ ಕೇಳಿ. ಊರಲ್ಲಿ ಮಾಡಿಸಬೇಕಾದದ್ದು ನಾಡಕಚೇರಿಯ ವಂಶವೃಕ್ಷ ಪತ್ರ. ಅದರಲ್ಲೂ ಹೆಸರು ಆಧಾರ್‌ನಲ್ಲಿದ್ದಂತೆಯೇ ಬರಲಿ. ಮೂಲ ಪ್ರತಿ ಯಾರ ಕೈಗೂ ಬಿಡಬೇಡಿ, ಐದು ಸೆಟ್ ಜೆರಾಕ್ಸ್ ಮಾಡಿಸಿಡಿ.

ಆತನ ಸಿಮ್ ಕಾರ್ಡ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಬ್ಯಾಂಕು, ಆಧಾರ್, ವಿಮೆ ಎಲ್ಲದರ ಒಟಿಪಿ ಆ ನಂಬರಿಗೆ ಬರುತ್ತದೆ. ದುಃಖದಲ್ಲಿ ಫೋನು ಮೂಲೆಗೆ ಬೀಳುತ್ತದೆ, ರೀಚಾರ್ಜ್ ಮುಗಿಯುತ್ತದೆ, ಕೆಲವು ತಿಂಗಳಲ್ಲಿ ನಂಬರೇ ಬೇರೆಯವರ ಪಾಲಾಗಬಹುದು. ಹೆಂಡತಿ-ಮಕ್ಕಳ ಆಧಾರ್‌ಗೆ ಅದೇ ನಂಬರ್ ಜೋಡಿಸಿದ್ದರಂತೂ ಕಷ್ಟ ಇಮ್ಮಡಿ. ಅವಳ ಸ್ವಂತ ನಂಬರ್ ಎಲ್ಲ ಕಡೆ ಸೇರುವವರೆಗೆ ಆ ಸಿಮ್‌ಗೆ ಸಣ್ಣ ರೀಚಾರ್ಜ್ ಮಾಡಿಸುತ್ತಿರಿ. ಹಾಗಂತ ಆತನ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯುವುದು ಮಾತ್ರ ಸಲ್ಲ.

ಎಷ್ಟು ಹಣ ಬರುತ್ತದೆ ಎಂಬುದು ಸಾವಿನ ವರ್ಗೀಕರಣದ ಮೇಲೆ ನಿಂತಿದೆ. 2001ರ ರಕ್ಷಣಾ ಸಚಿವಾಲಯದ ಆದೇಶದಲ್ಲಿ ‘ಎ’ಯಿಂದ ‘ಇ’ವರೆಗೆ ಐದು ವರ್ಗಗಳಿವೆ. ಸೇವೆಗೆ ಸಂಬಂಧಪಡದ ಸಾವು ‘ಎ’. ಸೇವೆಯಿಂದ ಬಂದ ಕಾಯಿಲೆ ‘ಬಿ’, ಕರ್ತವ್ಯದ ಮೇಲಿನ ಅಪಘಾತ ‘ಸಿ’. ಉಗ್ರರ ದಾಳಿಯಂಥವು ‘ಡಿ’, ಯುದ್ಧ ಮತ್ತು ಗಡಿ ಕಾರ್ಯಾಚರಣೆಯಂಥವು ‘ಇ’. ‘ಎ’ಗೆ ಸಾಮಾನ್ಯ ಕುಟುಂಬ ಪಿಂಚಣಿ: ಸೇವೆಯಲ್ಲಿರುವಾಗ ಸತ್ತರೆ ಮೊದಲ 10 ವರ್ಷ ಕೊನೆಯ ವೇತನದ ಶೇ. 50, ನಂತರ ಶೇ. 30. ‘ಬಿ’, ‘ಸಿ’ಗೆ ಸ್ಪೆಷಲ್ ಫ್ಯಾಮಿಲಿ ಪೆನ್ಶನ್, ಶೇ. 60. ‘ಡಿ’, ‘ಇ’ಗೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಶನ್, ಅಂದರೆ ಕೊನೆಯ ವೇತನದಷ್ಟೇ. ಕೇಂದ್ರದ ಎಕ್ಸ್‌ಗ್ರೇಷಿಯಾ (ಒಂದೇ ಸಲ ಕೊಡುವ ಪರಿಹಾರ ಧನ) ಕೂಡ ಸಂದರ್ಭಕ್ಕೆ ತಕ್ಕಂತೆ 25 ಲಕ್ಷದಿಂದ 45 ಲಕ್ಷದವರೆಗೆ. ಊರಿನ ಬ್ಯಾನರಿನಲ್ಲಿ ‘ವೀರಯೋಧ’ ಎಂದು ಬರೆದಿದ್ದರೂ ಕಚೇರಿ ನೋಡುವುದು ಈ ಅಕ್ಷರವನ್ನೇ. ಎತ್ತರದ ಹಿಮದಲ್ಲಿ ಕಾವಲಿದ್ದಾಗ ಹೃದಯಾಘಾತವಾದಂಥ ಪ್ರಕರಣಗಳಲ್ಲಿ ಅಕ್ಷರ ತಪ್ಪುವ ಸಂಭವ ಹೆಚ್ಚು. ಕೋರ್ಟ್ ಆಫ್ ಎನ್‌ಕ್ವೈರಿ (ಸೇನೆಯ ಆಂತರಿಕ ತನಿಖೆ) ವರದಿ, ಮರಣೋತ್ತರ ಪರೀಕ್ಷೆಯ ವರದಿಗಳನ್ನು ಬೇಗ ಕೇಳಿ ಪಡೆಯಿರಿ. ತಿರಸ್ಕಾರದ ಪತ್ರ ಬಂದರೆ ಹರಿದುಹಾಕಬೇಡಿ, ಮೇಲ್ಮನವಿಗೆ ಅದೇ ಬುನಾದಿ.

ಆ ಮನೆಯಲ್ಲಿ ಮಾತಾಡುವ ರೀತಿಯೂ ಕೆಲಸದ ಭಾಗವೇ. ಗಂಡಸರು ಕಟ್ಟೆಯ ಮೇಲೆ ಕೂತು ಉತ್ತರ ಕೊಡುತ್ತಾರೆ, ಸಹಿ ಮಾಡಬೇಕಾದವಳು ಒಳಗೆ ಇರುತ್ತಾಳೆ. ಒಬ್ಬ ಮಹಿಳಾ ಕಾರ್ಯಕರ್ತೆ ಒಳಗೆ ಹೋಗಿ ಅವಳ ಪಕ್ಕ ಕೂರಬೇಕು. “ತಂಗೀ, ಯಾವ ಕಾಗದಕ್ಕೂ ಓದಿಸ್ಕೊಳ್ಳದ ಸಹಿ ಮಾಡಬ್ಯಾಡವಾ. ಯಾರರೆ ಅವಸರ ಮಾಡಿದ್ರ ನಮಗ ಫೋನ್ ಹಚ್ಚು” ಎಂದು ಹೇಳಬೇಕು. ಹಿರಿಯ ತಾಯಿಗೂ ಬೇರೆಯಾಗಿ ಸಮಯ ಕೊಡಬೇಕು, ಅವಳದೂ ಅಷ್ಟೇ ದುಃಖ.

ಹಣ ಬಂದ ವಾರವೇ ವಿಮೆ ಮಾರುವವರು, ಹೊಲ ತೋರಿಸುವವರು, ಕೈಸಾಲ ಕೇಳುವ ಬಳಗದವರು ಬರುತ್ತಾರೆ. ಆರು ತಿಂಗಳು ದೊಡ್ಡ ಖರೀದಿ ಯಾವುದೂ ಬೇಡ ಎಂಬುದು ನಮ್ಮ ಖಡಕ್ ಸಲಹೆ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ, ಸೊಸೈಟಿಯ ಠೇವಣಿಗೆ ಅದೂ ಇಲ್ಲ, ಆದ್ದರಿಂದ ಸೊಸೈಟಿಯ ಹೆಚ್ಚಿನ ಬಡ್ಡಿಗೆ ಮರುಳಾಗಬಾರದು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರು 9 ಲಕ್ಷದವರೆಗೆ ಇಡಬಹುದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಸಿ.

ನಿವೃತ್ತರ ವಿಷಯದಲ್ಲಿ ಮುಖ್ಯ ತೊಡಕು ಜೀವಂತ ಪ್ರಮಾಣಪತ್ರ. ಪಿಂಚಣಿ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ ಹೋದವರು ಈ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ ಕೊಡುವ ಜೀವನ್ ಪ್ರಮಾಣ್‌ನಲ್ಲಿ ಪಿಂಚಣಿ ಕೊಡುವ ಕಚೇರಿ ಎಂಬಲ್ಲಿ ಹಳೆಯ ಬ್ಯಾಂಕನ್ನು ಆರಿಸಿದರೆ ಪ್ರಮಾಣಪತ್ರ ದಾರಿ ತಪ್ಪಿ ಪಿಂಚಣಿ ನಿಲ್ಲುತ್ತದೆ. ಅಲ್ಲಿ ಸ್ಪರ್ಶ್ ಎಂದೇ ಆರಿಸಬೇಕು. ಪಿಂಚಣಿದಾರ ತೀರಿಕೊಂಡರೆ ಕೂಡಲೇ ತಿಳಿಸಿ. ಇಲ್ಲದಿದ್ದರೆ ಹೆಚ್ಚುವರಿಯಾಗಿ ಬಂದ ಹಣವನ್ನು ಅಜ್ಜಿಯ ಕುಟುಂಬ ಪಿಂಚಣಿಯಲ್ಲೇ ಮುರಿದುಕೊಳ್ಳುತ್ತಾರೆ.

ಪಿಂಚಣಿಯೇ ಇಲ್ಲದ, 65 ದಾಟಿದ ಮಾಜಿ ಸೈನಿಕರು ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಮಾಸಿಕ ನೆರವು ನವೆಂಬರ್ 2025ರಿಂದ 4,000ದಿಂದ 8,000 ರೂಪಾಯಿಗೆ ಏರಿದೆ. ಅರ್ಜಿ ಆನ್‌ಲೈನ್‌ನಲ್ಲಿ, ಪರಿಶೀಲನೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಸೈನಿಕ ಕಲ್ಯಾಣ ಕಚೇರಿಗಳಲ್ಲಿ. ವೃತ್ತಿಪರ ಕೋರ್ಸ್ ಸೇರಿದ ಮಕ್ಕಳು ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಮೊದಲ ವರ್ಷವೇ ಅರ್ಜಿ ಹಾಕಬೇಕು. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500.

ಬಿಎಸ್‌ಎಫ್, ಸಿಆರ್‌ಪಿಎಫ್ ಜವಾನರ ಕುಟುಂಬದವರು ಇದೇ ಕಚೇರಿಗೆ ಬಂದು ನಿರಾಶರಾಗುತ್ತಾರೆ. ಅವರದು ಗೃಹ ಸಚಿವಾಲಯದ ದಾರಿ, ಆಯಾ ಪಡೆಯ ಗ್ರೂಪ್ ಸೆಂಟರ್ ಅಥವಾ ಹೆಡ್‌ಕ್ವಾರ್ಟರ್‌ಗೆ ಬರೆಯಿಸಿ. ನಾಲ್ಕು ವರ್ಷಕ್ಕೆ ಸೇನೆ ಸೇರುವ ಅಗ್ನಿವೀರರ ಮನೆಯವರಿಗೆ ಕುಟುಂಬ ಪಿಂಚಣಿ ಇಲ್ಲ. 48 ಲಕ್ಷದ ವಿಮೆ ಇದೆ. ಸಾವು ಸೇವೆಗೆ ಸಂಬಂಧಿಸಿದ್ದಾದರೆ 44 ಲಕ್ಷ ಎಕ್ಸ್‌ಗ್ರೇಷಿಯಾ, ಉಳಿದ ಅವಧಿಯ ವೇತನ ಮತ್ತು ಸೇವಾನಿಧಿ (ಅವಧಿ ಮುಗಿದಾಗ ಸಿಗುವ ಇಡುಗಂಟು) ಕೂಡ ಸೇರುತ್ತವೆ. ಹೆಚ್ಚಿನವರು ಮದುವೆಯಾಗದ ಹುಡುಗರು, ನಾಮಿನಿ ಅಪ್ಪನೋ ಅವ್ವನೋ. ಆದ್ದರಿಂದ ಅವರ ಮನೆಯ ಸಂಜೆಯ ಓದು ಅಪ್ಪ-ಅವ್ವನ ಆಧಾರ್‌ನಿಂದ ಶುರುವಾಗಬೇಕು.