ಕೆಮಿಸ್ಟ್ರಿ ಮೇಡಂಗೆ ಬೂದಿ ದಿಬ್ಬದಲ್ಲಿ ಏನು ಕೆಲಸ?

ಬಳ್ಳಾರಿಯಲ್ಲಿ ನನ್ನನ್ನು ಬಲ್ಲವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಇದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರು, ಕಾಲೇಜಿನ ಸಹೋದ್ಯೋಗಿಗಳು, ಪಿಎಚ್.ಡಿ. ಮಾಡಬೇಕೆಂದು ವಿಚಾರಿಸಲು ಬರುವ ಹುಡುಗ ಹುಡುಗಿಯರು. "ಮೇಡಂ, ನಿಮ್ಮದು ರಸಾಯನಶಾಸ್ತ್ರ. ಬೂದಿ ದಿಬ್ಬ ಇತಿಹಾಸದವರದು, ಸವಳು ಭೂಮಿ ಕೃಷಿಯವರದು, ಹೈಸ್ಕೂಲು ಮಕ್ಕಳ ಪಾಠ ಶಿಕ್ಷಣ ವಿಭಾಗದವರದು. ನೀವೇಕೆ ಎಲ್ಲಕ್ಕೂ ಕೈ ಹಾಕುತ್ತೀರಿ?" ಕೇಳುವವರ ದನಿಯಲ್ಲಿ ಕೆಲವೊಮ್ಮೆ ಕಾಳಜಿ, ಕೆಲವೊಮ್ಮೆ ಆಕ್ಷೇಪ. ನಿಂತ ನಿಲುವಿನಲ್ಲಿ ಎರಡು ಮಾತು ಹೇಳಿ ಕಳಿಸಿದಾಗಲೆಲ್ಲ ಅರ್ಧ ಉತ್ತರ ನನ್ನಲ್ಲೇ ಉಳಿದುಹೋಗುತ್ತಿತ್ತು. ಈ ಸಲ ಪೂರ್ತಿ ಬರೆಯುತ್ತೇನೆ.

ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವರಿಗೆ ಬೂದಿ ದಿಬ್ಬ ಹೊಸದಲ್ಲ. ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದಿದೆ. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವುದನ್ನು ಜನ ವಾಲಿಯನ್ನು ಸುಟ್ಟ ಜಾಗ ಎಂದು ತೋರಿಸುತ್ತಾರೆ. ದೊಡ್ಡ ದಿಬ್ಬ, ಒಳಗೆಲ್ಲ ಬೂದಿ, ನಡುನಡುವೆ ಕರಗಿ ಗಾಜಿನಂತೆ ಗಟ್ಟಿಯಾದ ಹೆಂಟೆಗಳು. ಇಷ್ಟು ಬೂದಿ ಎಲ್ಲಿಂದ ಬಂತು? 19ನೇ ಶತಮಾನದಿಂದ ಈ ಪ್ರಶ್ನೆ ಬೆಳೆದ ಬಗೆಯನ್ನು ನೋಡಿದರೆ ಸಾಕು, ನನ್ನ ಉತ್ತರದ ಮುಕ್ಕಾಲು ಭಾಗ ಅಲ್ಲಿಯೇ ಇದೆ.

ಕೆಲವರು ಅದನ್ನು ಲೋಹ ಕರಗಿಸಿದ ಕುಲುಮೆಯ ಕಿಟ್ಟ ಎಂದುಕೊಂಡರು. ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸಕ್ಕಾಗಿ ಈ ಜಿಲ್ಲೆಯ ಬಂಡೆಗಳನ್ನು ಗುರುತಿಸುತ್ತ ತಿರುಗಿದವರು. ಇದು ದನದ ಸಗಣಿ ಸುಟ್ಟ ಬೂದಿ, ಶಿಲಾಯುಗದ ದನಗಾಹಿಗಳ ಕುರುಹು ಎಂದು ಅವರು ಕಂಡುಕೊಂಡರು. ಎಲ್ಲರೂ ಒಪ್ಪಲಿಲ್ಲ, ವಾದ ದಶಕಗಟ್ಟಲೆ ನಡೆಯಿತು. 1957ರಲ್ಲಿ ಪುರಾತತ್ವಜ್ಞ ಫ್ರಾಂಕ್ ಆಲ್ಚಿನ್ ಕೃಷ್ಣೆಯ ಆಚೆ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿ ದಿಬ್ಬವನ್ನು ಅಗೆಸಿದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು, ದೊಡ್ಡಿಗೆ ಬೇಲಿಯಾಗಿ ನೆಟ್ಟಿದ್ದ ಮರದ ಕಂಬಗಳ ಕುಳಿಗಳು ಸಿಕ್ಕವು. 1960ರಲ್ಲಿ ಫ್ರೆಡರಿಕ್ ಝಾಯ್ನರ್ ಬಳ್ಳಾರಿಯ ಬೂದಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಪರೀಕ್ಷಿಸಿ ಅದರ ಮೂಲ ಸಗಣಿಯೇ ಎಂಬುದನ್ನು ಬರೆದರು.

ಸಗಣಿಯ ಬೂದಿ ಗಾಜಾಗುವುದು ಹೇಗೆ? ಇಲ್ಲಿ ನನ್ನ ಶಾಸ್ತ್ರ ಬರುತ್ತದೆ. ಹುಲ್ಲು ಮಣ್ಣಿನಿಂದ ಸಿಲಿಕಾ ಹೀರಿ ತನ್ನ ಜೀವಕೋಶಗಳಲ್ಲಿ ಸಣ್ಣ ಸಣ್ಣ ಕಣಗಳಾಗಿ ಕಟ್ಟಿಕೊಳ್ಳುತ್ತದೆ. ದನದ ಹೊಟ್ಟೆಯಲ್ಲಿ ಆ ಕಣ ಕರಗುವುದಿಲ್ಲ, ಸಗಣಿಯಲ್ಲಿ ಹಾಗೆಯೇ ಬರುತ್ತದೆ. ಸಿಲಿಕಾ ಒಂದೇ ಇದ್ದರೆ ಅದನ್ನು ಕರಗಿಸಲು 1,700 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಬೇಕು. ಆದರೆ ಬೂದಿಯಲ್ಲಿ ಪೊಟ್ಯಾಸಿಯಂನಂಥ ಕ್ಷಾರಗಳೂ ಇರುತ್ತವೆ. ಅವು ಬೆರೆತಾಗ ಎಷ್ಟೋ ಕಡಿಮೆ ಶಾಖಕ್ಕೇ ಸಿಲಿಕಾ ಕರಗಿ, ಆರಿದ ಮೇಲೆ ಗಾಜಾಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ನಂಬಿಕೆ ಹುಟ್ಟಿದ್ದು ಮಾತ್ರ ಸಿಂಧನೂರಿನ ಕಡೆಯ ಒಂದು ಹೊಲದಲ್ಲಿ. ನಮ್ಮ ಸಂಬಂಧಿಕರ ಭತ್ತದ ಹುಲ್ಲಿನ ಬಣವೆಗೆ ಒಂದು ಬೇಸಿಗೆಯಲ್ಲಿ ಬೆಂಕಿ ಬಿದ್ದು, ದಿನಗಟ್ಟಲೆ ಒಳಗೊಳಗೇ ಉರಿದಿತ್ತು. ನೋಡಲು ಹೋದಾಗ ಮನೆಯ ಹಿರಿಯರು ಬೂದಿಯನ್ನು ಕೋಲಿನಿಂದ ಕೆದಕಿ, ತೂತು ತೂತಾದ ಬೂದು ಬಣ್ಣದ ಹೆಂಟೆಯೊಂದನ್ನು ನನ್ನ ಕೈಗಿಟ್ಟರು. "ತಂಗಿ, ಹುಲ್ಲು ಸುಟ್ಟರೆ ಕಲ್ಲು ಹೇಗೆ ಬಂತು, ನೀನೇ ಹೇಳು" ಎಂದರು. ಆ ಹೆಂಟೆ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಬೂದಿ ದಿಬ್ಬದ ಕಿಟ್ಟವನ್ನು ಕಂಡ ಯಾರಿಗಾದರೂ ಅದನ್ನು ತೋರಿಸಿದರೆ ಅವರ ಕಣ್ಣು ಅರಳುತ್ತದೆ. ಅಂದಿನಿಂದ ಇತಿಹಾಸದವರ ದಿಬ್ಬ, ಕೆಮಿಸ್ಟ್ರಿಯ ಲ್ಯಾಬು ಎಂದು ಬೇರೆ ಬೇರೆ ಇಟ್ಟುಕೊಳ್ಳುವುದು ನನ್ನಿಂದಾಗಿಲ್ಲ.

ಊರಿಗೆ ಇನ್ನೂ ಹತ್ತಿರ ಬಂದರೆ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳು. 1940ರ ದಶಕದಲ್ಲಿ ಪುರಾತತ್ವಜ್ಞ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ಮಾಡಿದರು. ಇಲ್ಲಿನ ಕಪ್ಪು ಡಾಲರೈಟ್ ಕಲ್ಲಿನಿಂದ ನವಶಿಲಾಯುಗದ ಜನ ರಾಶಿ ರಾಶಿ ಕೊಡಲಿಗಳನ್ನು ಮಾಡಿದ್ದಾರೆ. ಮುಂದೆ ಪ್ರಾಚೀನ ಸಸ್ಯಗಳ ಅವಶೇಷಗಳನ್ನು ಅಧ್ಯಯನ ಮಾಡುವ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಗಾರರು ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕಲಕಿ, ತೇಲಿಬಂದ ಸುಟ್ಟ ಕಾಳುಗಳನ್ನು ಒಂದೊಂದಾಗಿ ಗುರುತಿಸಿದರು. ಹುರುಳಿ, ಹೆಸರು, ಕೊರಲೆ. ಅಕ್ಕಿ, ಗೋಧಿಗಳ ಕಥೆಯನ್ನಷ್ಟೇ ಕೇಳುತ್ತ ಬಂದಿದ್ದ ನಮಗೆ, ದಕ್ಷಿಣದ ಈ ಒಣನೆಲದಲ್ಲಿ ತನ್ನದೇ ಬೆಳೆಗಳ ಬೇಸಾಯ ಬೇರೂರಿತ್ತೆಂದು ತಿಳಿದದ್ದು ಸಸ್ಯಶಾಸ್ತ್ರದ ಕಣ್ಣಿನಿಂದ. ಕಪ್ಪಗಲ್ಲಿನಲ್ಲಿ ಕುಟ್ಟಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ, ಅವುಗಳ ಮೇಲೆ ಕುಟ್ಟಿ ಕುಟ್ಟಿ ಸವೆದ ಗುಳಿಗಳಿವೆ. ಆ ಬಂಡೆಗಳ ಮುಂದೆ ನಿಂತವರಿಗೆ ನಾದವೂ ಇತಿಹಾಸದ ಆಧಾರವೆಂದು ಹೊಳೆಯದೆ ಇರುವುದಿಲ್ಲ. ಅದೇ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕಡಿಯುತ್ತ ಬಂದಿದೆ ಎಂಬುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಳೆದುಹೋಗುವುದು ಒಂದು ವಿಭಾಗದವರ ಸಾಮಗ್ರಿಯಷ್ಟೇ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ರಾಯಚೂರಿನ ಗೆಳೆಯರಿಗೆ ನಾನು ಮಸ್ಕಿಯ ಮಾತು ನೆನಪಿಸುತ್ತೇನೆ. ಶಾಸನಗಳಲ್ಲಿ "ದೇವಾನಾಂಪ್ರಿಯ ಪ್ರಿಯದರ್ಶಿ" ಎಂದು ಕರೆದುಕೊಂಡ ರಾಜ ಯಾರು? 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಅಧಿಕಾರಿ. ಆ ಪ್ರಿಯದರ್ಶಿಯೇ ಅಶೋಕನೆಂದು ಪಾಲಿ ಗ್ರಂಥಗಳಿಂದ ಸೂಚಿಸಿದ ಜಾರ್ಜ್ ಟರ್ನರ್ ಸಿಲೋನಿನ ಆಡಳಿತ ಸೇವೆಯವರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ "ದೇವಾನಂಪಿಯಸ ಅಸೋಕಸ" ಎಂದು ಹೆಸರನ್ನೇ ಹೊತ್ತ ಶಾಸನವನ್ನು ಕಂಡವರು ಸಿ. ಬೀಡನ್, ಚಿನ್ನದ ಗಣಿಯ ಎಂಜಿನಿಯರ್. ಲೋಹ ಬಲ್ಲವರು, ಆಡಳಿತ ನಡೆಸುತ್ತಿದ್ದವರು, ಚಿನ್ನ ಹುಡುಕುತ್ತಿದ್ದವರು: ಈ ಮೂವರ ಕೈ ದಾಟಿ ನಮ್ಮ ನಾಡಿಗೆ ಅದರ ಅತಿ ದೊಡ್ಡ ಅರಸನ ಹೆಸರು ಖಚಿತವಾಗಿ ಸಿಕ್ಕಿತು. "ಅದು ನಿಮ್ಮ ಸಬ್ಜೆಕ್ಟ್ ಅಲ್ಲ" ಎಂದು ಯಾರಾದರೂ ಅವರನ್ನು ತಡೆದಿದ್ದರೆ?

ಹಾಗೆಂದು ಯಾರು ಬೇಕಾದರೂ ಯಾವ ಹೊಲಕ್ಕೆ ಬೇಕಾದರೂ ನುಗ್ಗಬಹುದು ಎನ್ನುತ್ತಿಲ್ಲ. ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ರೈತರೊಬ್ಬರು ಹಿಂದೆಂದೋ ದಿಬ್ಬದಿಂದ ಗೊಬ್ಬರಕ್ಕೆಂದು ಹೇರಿ ತಂದು ಹೊಲದ ಬದುವಿಗೆ ಸುರಿದಿದ್ದ ಬೂದಿಯನ್ನು ತಂದು ರಂಜಕದ ಪ್ರಮಾಣ ಅಳೆದೆ. ಅಂಕಿ ಚೆನ್ನಾಗಿ ಬಂದಿತ್ತು. ಅದರ ಮೇಲೆ ಇಡೀ ದಿಬ್ಬದ ಬಗ್ಗೆ ನಾಲ್ಕು ಪುಟದ ತೀರ್ಮಾನ ಬರೆದು ಪುರಾತತ್ವದ ಗೆಳತಿಯೊಬ್ಬಳಿಗೆ ತೋರಿಸಿದೆ. ಅವಳು ಓದಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವ ಪದರದ್ದು?" ನನ್ನ ಬಳಿ ಉತ್ತರವಿರಲಿಲ್ಲ. ಪದರ ಗೊತ್ತಿಲ್ಲದ ಬೂದಿಗೆ ವಯಸ್ಸಿಲ್ಲ, ಅದರ ಜೊತೆಗೆ ಎಷ್ಟು ವರ್ಷದ ಹೊಲದ ಗೊಬ್ಬರ ಬೆರೆತಿದೆಯೋ ಅದೂ ತಿಳಿಯದು. ನನ್ನ ಅಳತೆ ಸರಿಯಿತ್ತು, ಅಳೆದ ವಸ್ತುವೇ ಸರಿಯಿರಲಿಲ್ಲ. ನಾಲ್ಕು ಪುಟವನ್ನೂ ತೆಗೆದಿಟ್ಟೆ. ಆಮೇಲೆ ಎರಡು ವರ್ಷ ಪದರ ಓದುವುದನ್ನು ಕಲಿತೆ. ಬೇರೆ ಶಾಸ್ತ್ರದ ಹೊಸ್ತಿಲು ದಾಟುವವರು ಆ ಮನೆಯ ರೀತಿಯನ್ನು ಕಲಿಯಬೇಕು, ಅಲ್ಲಿನವರಿಂದ ತಿದ್ದಿಸಿಕೊಳ್ಳಬೇಕು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಆದ್ದರಿಂದಲೇ ನನಗೆ ಹಲವು ಶಾಸ್ತ್ರಗಳನ್ನು ಬೆರೆಸುತ್ತೇವೆನ್ನುವ ಇನ್ನೊಂದು ಬಗೆಯ "ಬಹುಶಿಸ್ತೀಯ" ಕಂಡರೆ ಸಿಟ್ಟು ಬರುತ್ತದೆ. ವಿಜ್ಞಾನ, ತಂತ್ರಜ್ಞಾನ, ಶಿಕ್ಷಣ, ವಾಣಿಜ್ಯ ಎಲ್ಲವನ್ನೂ ಪ್ರಕಟಿಸುತ್ತೇವೆ, ಹಣ ಕಟ್ಟಿ, ವಾರದಲ್ಲಿ ಅಚ್ಚಾಗುತ್ತದೆ ಎನ್ನುವ ನಿಯತಕಾಲಿಕೆಗಳು. ಸೇತುವೆಯ ಕಾಂಕ್ರೀಟಿನ ಲೇಖನದ ಬೆನ್ನಿಗೆ ಅಂಗನವಾಡಿಯ ಲೇಖನ ಹೊಲಿದ ಮಾತ್ರಕ್ಕೆ ಆ ಎರಡು ಶಾಸ್ತ್ರಗಳು ಮಾತಾಡಿಕೊಂಡಂತಾಗುವುದಿಲ್ಲ. ಎರಡನ್ನೂ ಬಲ್ಲವರು ಯಾರೂ ಓದಿ ಪರಿಶೀಲಿಸಿಯೇ ಇರುವುದಿಲ್ಲ. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ತಾನು ಅನುಮೋದಿಸಿದ ಪಟ್ಟಿಯಿಂದ 4,000ಕ್ಕೂ ಹೆಚ್ಚು ನಿಯತಕಾಲಿಕೆಗಳನ್ನು ತೆಗೆದುಹಾಕಬೇಕಾಯಿತು. ನಮ್ಮ ಭಾಗದ ಬಡ ಮನೆಯ ಸಂಶೋಧನಾ ವಿದ್ಯಾರ್ಥಿಗಳು ವಿದ್ಯಾರ್ಥಿವೇತನ ಉಳಿಸಿ ಇಂಥವರಿಗೆ ಕಟ್ಟುವುದನ್ನು ಕಂಡಿದ್ದೇನೆ. ಹಣವೂ ಹೋಯಿತು, ಲೇಖನದ ಮರ್ಯಾದೆಯೂ ಹೋಯಿತು.

ಸವಳಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿ ಅನ್ನದ ಪ್ರಶ್ನೆ ಇದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು. ಜೊತೆಗೆ ಎರೆಭೂಮಿಯಲ್ಲಿ ನೀರು ನಿಂತು, ಅಡಿಯ ಉಪ್ಪು ಮೇಲೆದ್ದು, ಎಷ್ಟೋ ಹೊಲ ಬೆಳ್ಳಗಾದವು. ಮಣ್ಣಿನ ಕ್ಷಾರತೆ ಅಳೆಯಲು ನನಗೆ ಬರುತ್ತದೆ, ಅದನ್ನು ಇಳಿಸಲು ಜಿಪ್ಸಂ ಎಷ್ಟು ಬೇಕೆಂದು ಲೆಕ್ಕ ಹಾಕಲೂ ಬರುತ್ತದೆ. ಆದರೆ ಈ ಕಾಲುವೆಯನ್ನು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದರು, ಮೇಲ್ಭಾಗದಲ್ಲಿ ಭತ್ತ ಹರಡಿತು, ಕೊನೆ ಭಾಗದ ರಾಯಚೂರಿನ ಹೊಲಗಳು ನೀರಿಗಾಗಿ ಕಾಯುತ್ತ ಉಳಿದವು. ಒಂದೇ ಕಾಲುವೆ ಮೇಲಿನವರಿಗೆ ನೀರು ಹೆಚ್ಚಾಗಿಸಿ ಕೆಡಿಸಿತು, ಕೆಳಗಿನವರಿಗೆ ಕಡಿಮೆಯಾಗಿಸಿ ಕೆಡಿಸಿತು. ಇದನ್ನು ಪಿಎಚ್ ಮಾಪಕ ಹೇಳುವುದಿಲ್ಲ. ನೀರಾವರಿ ಕಾಯ್ದೆ, ಬೆಲೆ, ಸಾಲ, ವಲಸೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರ ಬೇಸಾಯ ಇವನ್ನೆಲ್ಲ ಬಲ್ಲವರ ಪಕ್ಕದಲ್ಲಿ ಕುಳಿತಾಗಲೇ ನನ್ನ ಜಿಪ್ಸಂ ಲೆಕ್ಕಕ್ಕೂ ಬೆಲೆ.

ಮಕ್ಕಳ ಪಾಠಕ್ಕೆ ನಾನು ಹೋದದ್ದೂ ಇದೇ ದಾರಿಯಲ್ಲಿ. ಹೈಸ್ಕೂಲಿನ ಮಕ್ಕಳನ್ನು ದಿಬ್ಬಕ್ಕೆ ಕರೆದೊಯ್ದಾಗ, ಪರೀಕ್ಷೆಯಲ್ಲಿ ಸದಾ ಹಿಂದೆ ಬೀಳುವ ಕುರಿಗಾಹಿಗಳ ಮನೆಯ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಹೇಳಿದ: "ಇದು ಹಟ್ಟಿ ಇದ್ದ ಜಾಗ, ಮೇಡಂ. ಗೊಬ್ಬರ ಬಹಳವಾದರೆ ಸುಡುತ್ತಾರೆ." ಆ ದಿನದಿಂದ ಅವನು ತರಗತಿಯಲ್ಲಿ ಕೈ ಎತ್ತುವುದನ್ನು ಕಲಿತ.

ಕಳೆದ ತಿಂಗಳು, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವಿರುವ ರಾಯಚೂರಿನ ಬಳಿಯ ಶಕ್ತಿನಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಅವಳ ಊರಿನಲ್ಲಿ ಹಾರುಬೂದಿಯ ಇಟ್ಟಿಗೆಯಿಂದ ಕಟ್ಟಿದ ಕೆಲವು ಗೋಡೆಗಳ ಬುಡದಲ್ಲಿ ಬಿಳಿ ಉಪ್ಪು ಒಸರುತ್ತದೆ, ಇನ್ನು ಕೆಲವಕ್ಕೆ ಇಲ್ಲ. ಉಪ್ಪು ಇಟ್ಟಿಗೆಯದೋ, ಅಡಿಯ ಮಣ್ಣಿನದೋ, ಕಟ್ಟುವಾಗ ಬಳಸಿದ ಕೊಳವೆಬಾವಿಯ ನೀರಿನದೋ ಎಂಬುದು ಅವಳ ಪ್ರಶ್ನೆ. "ಅರ್ಜಿಯಲ್ಲಿ ವಿಷಯ ಎಂದು ಒಂದೇ ಕಾಲಂ ಇದೆ ಮೇಡಂ, ಏನು ಬರೆಯಲಿ?" ಎಂದಳು. ರಸಾಯನಶಾಸ್ತ್ರ ಎಂದು ಬರೆಯಲು ಹೇಳಿದೆ. ಆಮೇಲೆ ಬೇರೆ ಹಾಳೆಯಲ್ಲಿ ಮೂರು ಹೆಸರು ಬರೆಸಿದೆ: ಸಿವಿಲ್ ಎಂಜಿನಿಯರಿಂಗಿನ ಒಬ್ಬರು, ಮಣ್ಣುವಿಜ್ಞಾನದ ಒಬ್ಬರು, ನಲವತ್ತು ವರ್ಷ ಗೋಡೆ ಕಟ್ಟಿದ ಅವಳ ಊರಿನ ಗೌಂಡಿ. ಮೊದಲು ಗೌಂಡಿಯವರನ್ನೇ ಕಾಣಬೇಕೆಂದು ನಿಶ್ಚಯಿಸಿದ್ದೇವೆ. ಬರುವ ಭಾನುವಾರ ನಾನೂ ಅವಳ ಜೊತೆ ಹೋಗುತ್ತಿದ್ದೇನೆ.